ಬೀದಿಯ ಫೋಟೋಗಳಲ್ಲಿ ಸಿಕ್ಕ ಕಟ್ಟೆ

ನನಗೆ ಖುಷಿಯಾದರೂ ಕೂಗುತ್ತೇನೆ, ಸಿಟ್ಟು ಬಂದರೂ ಕೂಗುತ್ತೇನೆ. ಇಚಲಕರಂಜಿಯಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವರಿಗೆಲ್ಲ ಇದೊಂದು ರೋಗ. ಮೆಲ್ಲಗೆ ಮಾತಾಡಿದರೆ ನಮ್ಮ ಮನೆಯಲ್ಲಿ ಊಟಕ್ಕೆ ಕರೆದದ್ದೂ ಯಾರಿಗೂ ಕೇಳುತ್ತಿರಲಿಲ್ಲ. ಕೊಲ್ಹಾಪುರದ ಆಫೀಸಿನಲ್ಲಿ ಮೊದಲ ಸಲ ಒಂದು ಇಡೀ ಕಟ್ಟಡ ನನ್ನ ಕಂಪ್ಯೂಟರಿನಲ್ಲಿ ಎದ್ದು ನಿಂತಾಗ ನಾನು ಹಾಕಿದ ಕೂಗಿಗೆ, ಏನೋ ಅನಾಹುತವಾಯಿತೆಂದು ಕೆಳಗಿನ ಚಹಾದಂಗಡಿಯವನು ಮೆಟ್ಟಿಲು ಹತ್ತಿ ಓಡಿ ಬಂದಿದ್ದ.

ನಮ್ಮದು ಕಟ್ಟಡಗಳ ನಕ್ಷೆ ತಯಾರಿಸುವ ಸಣ್ಣ ಆಫೀಸು. ಹಳೆಯ ಕಟ್ಟಡದ ಅಳತೆ ಬೇಕೆಂದರೆ ಮೊದಲು ಟೇಪು ಹಿಡಿದು ಹೋಗುತ್ತಿದ್ದೆವು. ಈಗ ಮೊಬೈಲು ಹಿಡಿದು ಬೀದಿಯಲ್ಲಿ ನಡೆದರೆ ಸಾಕು. ಒಂದು ಫೋಟೋದಲ್ಲಿ ಕಂಡದ್ದು ಮುಂದಿನದರಲ್ಲೂ ಅರ್ಧಕ್ಕಿಂತ ಹೆಚ್ಚು ಕಾಣಬೇಕು, ಅಷ್ಟೇ ನಿಯಮ. ಆ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ ಅದು ಒಂದರಲ್ಲಿದ್ದ ಕಲೆಯನ್ನು ಇನ್ನೊಂದರಲ್ಲಿ ಹುಡುಕುತ್ತದೆ. ಬಿರುಕು, ಮೊಳೆ, ಸುಣ್ಣ ಉದುರಿದ ಜಾಗ, ಪೋಸ್ಟರು ಕಿತ್ತ ಗುರುತು, ನಮ್ಮ ಕಣ್ಣಿಗೆ ಹೊಲಸು ಅನ್ನಿಸುವುದೆಲ್ಲ ಅದಕ್ಕೆ ಹಿಡಿದುಕೊಳ್ಳುವ ಹಿಡಿಕೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಲೆಕ್ಕ ಹಾಕಿ ಗೋಡೆ ಎಬ್ಬಿಸುತ್ತದೆ. ಆಮೇಲೆ ಆ ಕಟ್ಟಡವನ್ನು ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು. ವರ್ಷಗಳಾದರೂ ನನಗೆ ಇದು ಹಳೆಯದಾಗಿಲ್ಲ.

ಈ ಹುಚ್ಚು ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು. ಹಾಗಾಗಿಯೇ ಗಡಹಿಂಗ್ಲಜದಿಂದ ದೊಡ್ಡವ್ವ ಫೋನು ಮಾಡಿದ್ದು. ಅವರ ಬೀದಿಯನ್ನು ಅಗಲ ಮಾಡುತ್ತಾರಂತೆ. ಮನೆಗೆ ಏನೂ ಆಗುವುದಿಲ್ಲ, ಆದರೆ ಬಾಗಿಲ ಎರಡೂ ಬದಿಯ ಕಲ್ಲಿನ ಕಟ್ಟೆ ರಸ್ತೆಗೆ ಹೋಗುತ್ತದೆ.

"ಮನಿ ಉಳೀತೈತಿ, ಕಟ್ಟಿ ಹೋಗತೈತಿ. ನನಗ ಕಟ್ಟೀನ ಬೇಕಾಗಿತ್ತವಾ," ಅಂದಳು.

ಯಾಕೆಂದು ನಾನು ಕೇಳಲಿಲ್ಲ. ಹಿಂದಿನ ವರ್ಷ ತೀರಿಕೊಂಡ ದೊಡ್ಡಪ್ಪನ ಜಾಗ ಅದು. ಅವನದು ಮೆಣಸಿನಕಾಯಿ ವ್ಯಾಪಾರ. ಪೇಟೆಯಿಂದ ಸೀನುತ್ತಾ ಬಂದವನು ಕೈಕಾಲು ತೊಳೆದು, ಬಾಗಿಲ ಎಡಗಡೆಯ ಕಟ್ಟೆಯ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು, ಒಂದು ಮೊಣಕಾಲು ಮಡಚಿ ಕೂತನೆಂದರೆ ಮುಗಿಯಿತು. ತಲೆಯ ಮೇಲೆ ಟೋಪಿ, ಹೆಗಲ ಮೇಲೆ ಚೌಕಳಿ ಟವೆಲು, ಕೈಯಲ್ಲಿ ಪೇಪರು. ಆ ಬೀದಿಯಲ್ಲಿ ಯಾರು ಹೊಸ ಗಾಡಿ ತಂದರೂ ಮೊದಲ ಆರತಿ ದೊಡ್ಡವ್ವನದೇ. ಸ್ಕೂಟರಿರಲಿ ಟ್ರ್ಯಾಕ್ಟರಿರಲಿ, ಹಾರ ಹಾಕಿ, ಗಾಲಿಗೆ ಲಿಂಬೆಹಣ್ಣು ಇಟ್ಟು, ಅವರ ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು ಪದ್ಧತಿ. ಫೋಟೋದಲ್ಲಿ ಬರುತ್ತೀರಿ, ಸ್ವಲ್ಪ ಸರಿಯಿರಿ ಎಂದು ಯಾರಾದರೂ ಅಂದರೆ ದೊಡ್ಡಪ್ಪ ಪೇಪರಿನಿಂದ ಕಣ್ಣೆತ್ತದೆ ಒಂದೇ ಮಾತು ಹೇಳುತ್ತಿದ್ದ: "ಗಾಡಿಗೆ ಗಾಲಿ ಅದಾವ. ಅದನ್ನ ಸರಸ್ರಿ."

ರವಿವಾರ ಫೋಟೋ ತೆಗೆಯಲು ಬರುತ್ತೇನೆ ಎಂದು ತಿಳಿಸಿದೆ. ಎಲ್ಲ ಕೋನಗಳಿಂದ ತೆಗೆದು ಮಾದರಿ ಮಾಡಿ, ಕೈಯಲ್ಲಿ ಹಿಡಿಯುವಂಥ ಸಣ್ಣ ಪ್ರತಿಯನ್ನೂ ಅಚ್ಚು ಹಾಕಿಸಿ ದೊಡ್ಡವ್ವನ ಮಡಿಲಲ್ಲಿ ಇಡಬೇಕೆಂದು ಬಸ್ಸಿನಲ್ಲೇ ಕನಸು ಕಂಡೆ. ಇಳಿದು ಬೀದಿಯ ಮೂಲೆ ತಿರುಗಿದವಳು ಅಲ್ಲೇ ನಿಂತುಬಿಟ್ಟೆ. ಮನೆ ಹಾಲಿನಂತೆ ಬೆಳ್ಳಗಿತ್ತು! ದೊಡ್ಡವ್ವನ ಮಗ, ನಮ್ಮಣ್ಣ, ಗೋಡೆಗೆ, ಕಂಬಕ್ಕೆ, ಕಟ್ಟೆಯ ಕಲ್ಲಿಗೂ ಬಿಡದೆ ಎರಡು ಕೈ ಸುಣ್ಣ ಹೊಡೆಸಿದ್ದ. ಮಾವಿನ ತೋರಣ ಕಟ್ಟಿತ್ತು. ಅವನ ಹೆಂಡತಿ, ನಮ್ಮ ವೈನಿ, ಇಳಕಲ್ ಸೀರೆ ಉಟ್ಟು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚಿ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಒಂದು ಕಲೆ ಇಲ್ಲ, ಒಂದು ಬಿರುಕು ಇಲ್ಲ. ಬೀದಿಯೆಲ್ಲ ಕೇಳುವಂತೆ ಕೂಗಾಡಿದೆ.

ಅಣ್ಣನಿಗೂ ಸಿಟ್ಟು ಬಂತು. "ಫೋಟೋ ತಗೀತೀನಂತ ನೀನ ಹೇಳಿದಿ. ಹೊಲಸ ಗ್ವಾಡಿ ಹಂಗ ಇಟ್ರ ಮಂದಿ ಏನ ಅಂತಾರು?"

ಅವನದೂ ತಪ್ಪಲ್ಲ. ನಮ್ಮಲ್ಲಿ ಯಾರ ಮನೆಯಲ್ಲಾದರೂ ಇದನ್ನೇ ಮಾಡುತ್ತಿದ್ದರು. ಆದದ್ದಾಗಲಿ ಎಂದು ಫೋಟೋ ತೆಗೆದು, ತಂದಿದ್ದ ಲ್ಯಾಪ್‌ಟಾಪಿಗೆ ಕೊಟ್ಟೆ. ಬಿಳಿ ಗೋಡೆಯಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗಲಿಲ್ಲ. ಗಣಪನ್ನ ಮಾಡೆಂದರೆ ಅವರಪ್ಪನನ್ನು ಮಾಡಿದ ಹಾಗೆ, ಬಿಸಿಲಿಗೆ ಕರಗಿದ ಬೆಲ್ಲದ ಪೆಂಟೆಯಂಥದ್ದೊಂದನ್ನು ತೋರಿಸಿತು. ದೊಡ್ಡವ್ವ ಅದನ್ನು ನೋಡಿ ಚಹಾ ಮಾಡಲು ಒಳಗೆ ಹೋದಳು. ನನಗೆ ಅಳು ಬಂತು. ಕಟ್ಟೆ ಒಡೆಯಲು ಯಾವತ್ತಾದರೂ ಬರಬಹುದಿತ್ತು, ಸುಣ್ಣ ಕೆರೆದು ತೆಗೆಯುವಷ್ಟು ಹೊತ್ತು ಯಾರ ಬಳಿಯೂ ಇರಲಿಲ್ಲ.

ನನ್ನನ್ನು ಸಮಾಧಾನ ಮಾಡಲು ವೈನಿ ಪಕ್ಕದಲ್ಲಿ ಬಂದು ಕೂತು ತನ್ನ ಮೊಬೈಲು ತೆಗೆದಳು. ಅವಳ ಸ್ಕೂಟರು ಬಂದ ದಿನದ ಆರತಿಯ ಫೋಟೋ. ಹಳೆಯ ಗೋಡೆ ಇಲ್ಲಿದೆ ನೋಡು, ನಡೆಯುತ್ತದೇನು ಎಂದು ಕೇಳಿದಳು. ನೋಡುತ್ತೇನೆ, ಹಾರ ಹಾಕಿದ ಸ್ಕೂಟರಿನ ಹಿಂದೆ ಪಾಚಿ, ಬಿರುಕು, ಮೊಳೆ ಸಮೇತ ಇಡೀ ಗೋಡೆ ಇದೆ! ನಾನು ಹಾಕಿದ ಕೂಗಿಗೆ ದೊಡ್ಡವ್ವನ ಕೈಯಲ್ಲಿದ್ದ ಚಹಾ ತುಳುಕಿತು. ಇವಳೊಬ್ಬಳದಲ್ಲ, ಬೀದಿಯ ಎಲ್ಲರ ಮೊಬೈಲಿನಲ್ಲೂ ಈ ಗೋಡೆ ಇರಲೇಬೇಕು.

ಬೀದಿಯ ವಾಟ್ಸಾಪ್ ಗುಂಪಿಗೆ ವೈನಿ ಸುದ್ದಿ ಹಾಕಿದ್ದೇ ತಡ, ಹನಿಹನಿ ಕೂಡಿ ಹಳ್ಳವಾಯಿತು. ಫೋಟೋಗಳಲ್ಲಿ ಟೆಂಪೋ ಬಂತು, ಕಬ್ಬಿನ ಟ್ರ್ಯಾಕ್ಟರು ಬಂತು, ಬಾಸಿಂಗ ಕಟ್ಟಿದ ಮದುಮಗ ಬಂದ. ಕಾಗಲದ ಕಾರ್ಖಾನೆಯಲ್ಲಿದ್ದವನೊಬ್ಬ ಕೆಲಸದ ನಡುವೆಯೇ ತನ್ನ ಮೊದಲ ಬೈಕಿನ ಫೋಟೋ ಕಳಿಸಿದ. ಉತ್ತೂರಿಗೆ ಮದುವೆಯಾಗಿ ಹೋದವಳು ಎಲ್ಲ ಕೋನದಿಂದ ತೆಗೆದ ಹಳೆಯ ಫೋಟೋಗಳನ್ನು ಒಟ್ಟಿಗೆ ಸುರಿದಳು. ದೊಡ್ಡಪ್ಪನನ್ನು ಕತ್ತರಿಸಿ ಸ್ಟೇಟಸ್ ಇಟ್ಟಿದ್ದವರು ಈಗ ನಾಚಿಕೊಂಡು ಕತ್ತರಿಸದ ಫೋಟೋ ಹುಡುಕಿ ಕೊಟ್ಟರು. ಒಬ್ಬೊಬ್ಬರು ಒಂದೊಂದು ಕಡೆ ನಿಂತು ತೆಗೆದವು, ನಾನೇ ಬೀದಿಯಲ್ಲಿ ನಡೆದರೂ ಅಷ್ಟು ಚಂದ ಹೊಂದುತ್ತಿರಲಿಲ್ಲ.

ಮರುದಿನ ಕೊಲ್ಹಾಪುರದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಬೇರೆ ಕೆಲಸ ಮಾಡುವ ನಾಟಕ ಆಡುತ್ತಾ ಕಾದೆ. ಮೊದಲು ಬಾಗಿಲ ಚೌಕಟ್ಟು ಬಂತು. ಆಮೇಲೆ ಮೆಟ್ಟಿಲು. ಆಮೇಲೆ ಕಟ್ಟೆ, ಕಲ್ಲು ಕಲ್ಲಾಗಿ! ಗಾಡಿಗಳಿಲ್ಲ, ಮದುಮಗನಿಲ್ಲ, ಆರತಿಯ ತಟ್ಟೆಯೂ ಇಲ್ಲ. ಬಹಳ ಫೋಟೋಗಳಲ್ಲಿ ಅದೇ ಜಾಗದಲ್ಲಿ ಇರುವುದನ್ನಷ್ಟೇ ಈ ಯಂತ್ರ ನಂಬುತ್ತದೆ, ಬಂದು ಹೋಗುವವರನ್ನು ಬಿಟ್ಟುಬಿಡುತ್ತದೆ. ಎಡಗಡೆಯ ಕಂಬಕ್ಕೆ ಮಾತ್ರ ಒಂದು ಗಂಟು ಅಂಟಿಕೊಂಡಿತ್ತು. ಇಂಥ ಗಂಟುಗಳನ್ನು ಅಳಿಸುವುದು ದಿನದ ಕೆಲಸ. ಅಳಿಸಲು ಗುರುತು ಹಾಕಿ, ಯಾಕೋ ಒಮ್ಮೆ ಪಕ್ಕಕ್ಕೆ ತಿರುಗಿಸಿದೆ.

ಟೋಪಿ ಇತ್ತು. ಮಡಚಿದ ಮೊಣಕಾಲು ಇತ್ತು. ಹೆಗಲ ಮೇಲೆ ಚೌಕಳಿ ಟವೆಲು, ಅದರ ಚೌಕಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು. ಮುಖ ಮೂಡಿರಲಿಲ್ಲ, ಆದರೆ ಆ ಬೆನ್ನು ಕಂಬಕ್ಕೆ ಒರಗಿದ ರೀತಿಗೆ ಮುಖ ಬೇಕಿರಲಿಲ್ಲ. ಎಷ್ಟೋ ವರ್ಷ ಒಂದೇ ಕಡೆ ಒಂದೇ ಭಂಗಿಯಲ್ಲಿ ಕೂತವನನ್ನು ಕಂಪ್ಯೂಟರು ಮನೆಯ ಭಾಗವೆಂದೇ ತಿಳಿದಿತ್ತು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು, ಗಂಟಲಿನಿಂದ ಮಾತ್ರ ಸದ್ದೇ ಹೊರಡಲಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಆಫೀಸಿನವರು ಕೇಳಿದರು.

ಅಚ್ಚು ಹಾಕಲು ಕೊಟ್ಟ ಅಂಗಡಿಯವನು ಫೋನು ಮಾಡಿ, ಬಾಗಿಲ ಬದಿಯ ಗಂಟು ತೆಗೆದರೆ ಕೆಲಸ ನೀಟಾಗುತ್ತದೆ, ತೆಗೆಯಲೇ ಎಂದು ಮರಾಠಿಯಲ್ಲಿ ವಿಚಾರಿಸಿದ. ಅದು ಗಂಟಲ್ಲ, ನಮ್ಮ ದೊಡ್ಡಪ್ಪ ಎಂದೆ. ಹಾಗಾದರೆ ಇನ್ನೂ ನಾಜೂಕಾಗಿ ಮಾಡುತ್ತೇನೆ ಅಂದ.

ನಾನು ಅದನ್ನು ಒಯ್ಯುವ ಹೊತ್ತಿಗೆ ಕಟ್ಟೆ ಹೋಗಿತ್ತು. ಅಲ್ಲಿ ಅಗೆದ ಗುಂಡಿಯ ಮೇಲೆ ಹಾಕಿದ್ದ ಹಲಗೆಯೊಂದನ್ನು ದಾಟಿ ಒಳಗೆ ಹೋಗಿ ದೊಡ್ಡವ್ವನ ಮಡಿಲಲ್ಲಿ ಇಟ್ಟೆ, ಬಾಯಿ ಬಿಗಿಹಿಡಿದು ನಿಂತೆ. ಅವಳು ಬೆರಳಿನಿಂದ ಮೆಟ್ಟಿಲು ಸವರಿದಳು, ಹೊಸ್ತಿಲು ಸವರಿದಳು, ಎಡಕ್ಕೆ ಬಂದಳು. ಬೆರಳು ಟೋಪಿಯ ಮೇಲೆ ನಿಂತಿತು.

"ಗಾಡಿ ಎಲ್ಲಾ ಸರದ್ವು," ಅಂದಳು. "ಇವರು ಮಾತ್ರ ಕಂಪ್ಯೂಟರಿಗೂ ಸರೀಲಿಲ್ಲ ನೋಡು."