ಕಾಫಿ ಸಾಲಿಗೆ ಕಾದಂಬರಿ ಹೇಳುವ ವಾರಿಗಿಯಾ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ನೈರೋಬಿ ಹತ್ತಿರದ ರುಯಿರು ಪಟ್ಟಣದಾಚೆಯ ಕಾಫಿ ತೋಟದ ಗೇಟಿನ ಮುಂದೆ ಕೂಲಿಗೆ ಬಂದ ಹೆಂಗಸರು ಶಾಲು ಹೊದ್ದು, ಬಿಸಿ ಗಂಜಿ ಕುಡಿಯುತ್ತ ಕುಳಿತಿದ್ದಾರೆ. ಕೂರದವಳು ವಾರಿಗಿಯಾ ಒಬ್ಬಳೇ. ಗೇಟಿನ ದೀಪದ ಕೆಳಗೆ ಅತ್ತಿಂದಿತ್ತ ನಡೆಯುತ್ತ, ರಟ್ಟು ಕಿತ್ತುಹೋದ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ತುಟಿಯಲ್ಲೇ ಓದಿಕೊಳ್ಳುತ್ತಿದ್ದಾಳೆ. ಒಂದು ಪುಟ ಓದುತ್ತಾಳೆ, ಗೇಟಿನತ್ತ ನೋಡುತ್ತಾಳೆ, ಮತ್ತೆ ಪುಟಕ್ಕೆ ಬರುತ್ತಾಳೆ.

“ಕೂತ್ಕೊಳ್ಳೇ ಮಾರಾಯ್ತಿ! ನಿನ್ನ ನೋಡಿ ನನ್ನ ಹೊಟ್ಟೇಲಿ ಗಂಜಿನೂ ಓಡಾಡ್ತಿದೆ,” ಎಂದು ಗೆಳತಿ ಕಾಬುರಾ ಗದರುತ್ತಾಳೆ.

“ಕೂತ್ರೆ ಮರ್ತೋಗುತ್ತೆ ಕಣೇ. ಇವತ್ತು ಮುಷ್ಕರದ ಅಧ್ಯಾಯ. ಒಂದು ಮಾತೂ ಬಿಟ್ಟೋಗ್ಬಾರ್ದು.”

ಚಡಪಡಿಕೆಗೆ ಇನ್ನೊಂದು ಕಾರಣವೂ ಇದೆ. ಇವತ್ತು ಅವಳನ್ನು ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ಕೂಲಿ ಆಯಾ ದಿನದ್ದು, ಕೊಯ್ದ ಹಣ್ಣಿನ ಡಬ್ಬದ ಲೆಕ್ಕಕ್ಕೆ. ಮೇಸ್ತ್ರಿ ಗಚೋಕಾ ಬೆರಳು ತೋರಿಸಿದವರಿಗೆ ಡಬ್ಬ, ಉಳಿದವರಿಗೆ ಬಂದ ದಾರಿ. “ಪುಸ್ತಕನೋ, ಕೂಲಿನೋ, ಒಂದನ್ನ ಇಟ್ಕೋ” ಎಂದು ನಿನ್ನೆ ಸಂಜೆ ಅವನು ಎಲ್ಲರೆದುರೇ ಹೇಳಿಬಿಟ್ಟಿದ್ದಾನೆ.

ಪುಸ್ತಕ ಬರೆದವರು ಇದೇ ಸೀಮೆಯ ನಿವೃತ್ತ ಮೇಷ್ಟ್ರು ಮುರಿಗಿ. ಕಾಫಿ ಕೊಯ್ಯುವವಳ ಕಥೆ, ಅವಳದೇ ಗಿಕುಯು ಮಾತಿನಲ್ಲಿ. ಬಿಳಿಯ ದೊರೆ ಹೋದ, ಬಾವುಟ ಬದಲಾಯಿತು, ಡಬ್ಬದ ಅಳತೆ ಮಾತ್ರ ಯಾಕೆ ಬದಲಾಗಲಿಲ್ಲ ಎಂಬುದು ಕಾದಂಬರಿ ಕೇಳುವ ಪ್ರಶ್ನೆ. ನೈರೋಬಿಯ ಕಾಲೇಜುಗಳಲ್ಲಿ ಆ ಪ್ರಶ್ನೆಯ ಮೇಲೆ ಇಂಗ್ಲಿಷಿನಲ್ಲಿ ಭಾಷಣವಾಗುತ್ತದೆ, ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ಯಾರ ಕಥೆಯೋ ಅವರಿಗೆ ಅಕ್ಷರವೇ ಬಾರದು. ಆ ಕಂದಕದ ಮೇಲೆ ಹಲಗೆ ಹಾಕಿದವಳು ವಾರಿಗಿಯಾ.

ಕೊಯ್ಯುವಾಗ ಪುಸ್ತಕ ಹಿಡಿಯಲು ಕೈ ಎಲ್ಲಿರುತ್ತದೆ? ಹಾಗಾಗಿ ಮುಂಜಾನೆ ಗೇಟಿನಲ್ಲಿ ಓದಿ ಬಾಯಿಪಾಠ ಮಾಡಿ, ಸಾಲಿಗಿಳಿದ ಮೇಲೆ ಹಣ್ಣು ಬಿಡಿಸುತ್ತ ಹೇಳುತ್ತಾಳೆ. ಬಾಯಿ ಓಡಿದಷ್ಟು ಕೈ ಓಡುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಹಾದುಹೋಗುವ ಪ್ರತಿಯೊಬ್ಬಳೂ ಅವಳ ಡಬ್ಬಕ್ಕೆ ಒಂದು ಹಿಡಿ ಕೆಂಪು ಹಣ್ಣು ಹಾಕುವುದು ರೂಢಿಯಾಗಿದೆ. “ಅಷ್ಟು ಕಥೆ ಕೇಳಿ ಕೈ ಬೀಸ್ಕೊಂಡು ಹೋದ್ರೆ ಅನ್ನ ದಕ್ಕುತ್ತಾ?” ಎನ್ನುತ್ತಾಳೆ ಕಾಬುರಾ.

ವಾರಿಗಿಯಾಳ ಓದು ಶುಲ್ಕ ಕಟ್ಟಲಾಗದೆ ನಡುವೆಯೇ ನಿಂತದ್ದು. ಗಂಡ ಮೊಂಬಾಸಾಕ್ಕೆ ಹೋದವನು ಅಲ್ಲೇ ಉಳಿದ. ಮಗಳು ವಾಮುಯು ಈಗ ಹೈಸ್ಕೂಲಿನಲ್ಲಿದ್ದಾಳೆ. ಈ ಇಳಿಜಾರಿನಲ್ಲೇ ಹಿಂದೆ ವಾರಿಗಿಯಾಳ ಅಜ್ಜ ಗೆಣಸು ಬೆಳೆಯುತ್ತಿದ್ದ. ದೊರೆ ಅವನನ್ನು ಎಬ್ಬಿಸಿ ಕಾಫಿ ನೆಟ್ಟ. ಸ್ವಾತಂತ್ರ್ಯ ಬಂದಾಗ ಜಮೀನೂ ಬರುತ್ತದೆಂದು ಅಜ್ಜ ಗುದ್ದಲಿ ಹರಿತ ಮಾಡಿಕೊಂಡು ಕಾದ. ಬಂದದ್ದು ನೈರೋಬಿಯ ದೊಡ್ಡ ಮನುಷ್ಯರ ಕಾರು. “ಅಜ್ಜನ ಜಮೀನಲ್ಲೇ ಕೂಲಿ ಮಾಡ್ತೀನಿ ಅಂದ್ರೆ ಜನ ನಗ್ತಾರೆ. ನಗಲಿ ಬಿಡಿ. ನಂಗೆ ನಗು ಬರಲ್ಲ, ಮೈ ಉರಿಯುತ್ತೆ,” ಎನ್ನುವಾಗಲೂ ಅವಳು ನಡೆಯುತ್ತಲೇ ಇರುತ್ತಾಳೆ.

ಹೆಚ್ಚು ಹಣ್ಣು ಹಿಡಿಯಲೆಂದು ಡಬ್ಬದ ತಳವನ್ನು ಹೊರಕ್ಕೆ ಬಡಿದು ಉಬ್ಬಿಸುವ ಮೋಸ ಕಾದಂಬರಿಯಲ್ಲಿ ಬರುತ್ತದೆ. ಅದನ್ನು ಹೇಳಿದ ದಿನ ಹೆಂಗಸರು ತಮ್ಮ ಡಬ್ಬಗಳನ್ನು ಬೋರಲು ಹಾಕಿ, ಕಲ್ಲಿನಿಂದ ಕುಟ್ಟಿ ತಳ ಸಪಾಟು ಮಾಡಿದರು. ಮರುದಿನ ಗಚೋಕಾ ಒಳಗಿನಿಂದ ಬಡಿಸಿ ಮತ್ತೆ ಉಬ್ಬಿಸಿದ.

ಆದರೆ ಪುಸ್ತಕಕ್ಕೆ ನಿಜವಾಗಿ ಕುತ್ತು ಬಂದದ್ದು ನಿನ್ನೆಯ ಹೆರಿಗೆಯಿಂದ. ಕಥಾನಾಯಕಿ ಕಾಫಿ ಗಿಡಗಳ ನಡುವೆಯೇ ಹೆಣ್ಣು ಹೆರುತ್ತಾಳೆ. ಗಿಕುಯು ಹೆಂಗಸರು ಹೆಣ್ಣು ಹುಟ್ಟಿದರೆ ಮೂರು ಕೇಕೆ, ಗಂಡಾದರೆ ಐದು ಕೇಕೆ ಹಾಕುತ್ತಾರೆ. ನಿನ್ನೆ ಸಾಲಿನಲ್ಲಿದ್ದವರು ಮೈಮರೆತು, ಹೆಣ್ಣಿಗೇ ಐದೂ ಹಾಕಿಬಿಟ್ಟರು. ಯಾರೋ ನಿಜವಾಗಿಯೇ ಹೆತ್ತಳೆಂದು ಗಚೋಕಾ ಗಾಬರಿಯಿಂದ ನೀರಿನ ಕೊಡ ಹೊತ್ತು, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಈ ತೋಟದಲ್ಲಿ ಹಾಗೆ ಹೆತ್ತವರಿದ್ದಾರೆ.

“ಗಂಡು ಮಗು ಎಲ್ಲಿ?” ಎಂದ.

“ಹೆಣ್ಣು, ಮೇಸ್ತ್ರಿ. ಪುಸ್ತಕದಲ್ಲಿದೆ,” ಎಂದಳು ಕಾಬುರಾ.

ಇಡೀ ಇಳಿಜಾರು ನಕ್ಕಿತು. ಆ ನಗು ಅವನಿಗೆ ಚುಚ್ಚಿತು.

ಈಗ ಗೇಟು ತೆರೆಯುತ್ತದೆ. ಗಚೋಕಾನ ಬೆರಳು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತದೆ, ವಾರಿಗಿಯಾಳನ್ನು ದಾಟಿ ಹೋಗುತ್ತದೆ. “ನೀನು ಮನೆಗ್ ಹೋಗಿ ಓದ್ಕೋ ಹೋಗು,” ಎಂದು ಬೀಗ ಜಡಿಯುತ್ತಾನೆ. ಕಾಬುರಾ ಒಳಗಿನಿಂದ ಕಣ್ಣಲ್ಲೇ ಬೇಲಿಯ ಕಡೆ ತೋರಿಸುತ್ತಾಳೆ.

ವಾರಿಗಿಯಾ ಮನೆಗೆ ಹೋಗುವುದಿಲ್ಲ. ಸಾರ್ವಜನಿಕ ರಸ್ತೆ ತೋಟದ ಬೇಲಿಗೆ ತಾಗಿಯೇ ಹೋಗುತ್ತದೆ. ಕಾಬುರಾ ಮತ್ತವಳ ಜೊತೆಯವರು ಬೇಲಿಯಂಚಿನ ಸಾಲಿಗಿಳಿಯುತ್ತಾರೆ. ಇವಳು ರಸ್ತೆಯ ಧೂಳಿನಲ್ಲಿ ಅವರ ಜೊತೆಜೊತೆಗೆ ನಡೆಯುತ್ತ ಮುಷ್ಕರದ ಕಥೆ ಶುರುಮಾಡುತ್ತಾಳೆ. ಇವತ್ತು ಅವಳಿಗೆ ಡಬ್ಬವಿಲ್ಲ, ಸಂಜೆ ಮಗಳಿಗೆ ಬೇಯಿಸಲು ಏನಿದೆಯೋ ಗೊತ್ತಿಲ್ಲ. ಆದರೂ ಕಥೆ ನಿಲ್ಲಿಸುವುದಿಲ್ಲ.

ಬಿಸಿಲು ಏರುವ ಹೊತ್ತಿಗೆ ಮೇಲಿನ ಸಾಲುಗಳು ಖಾಲಿ. ಕಥೆ ಕೇಳಿಸದೆ ಅಲ್ಲಿನ ಹೆಂಗಸರೆಲ್ಲ ಡಬ್ಬ ಎತ್ತಿಕೊಂಡು ಬೇಲಿಗೆ ಇಳಿದಿದ್ದಾರೆ, ಒಂದೊಂದು ಗಿಡಕ್ಕೆ ನಾಲ್ಕು ನಾಲ್ಕು ಕೈ. ಮೇಲೆ ಕಳಿತ ಹಣ್ಣು ಉದುರುತ್ತಿದೆ. ಗಚೋಕಾ ಬೈದ, ಕೂಗಾಡಿದ, ಯಾರೂ ಕದಲಲಿಲ್ಲ. ಆಫೀಸಿನವರು ಬಂದರೆ ಮೊದಲು ಹೋಗುವುದು ಅವನದೇ ತಲೆ. ಕೊನೆಗೆ ಬೇಲಿಯ ಬಳಿ ಬಂದು, ದನಿ ತಗ್ಗಿಸಿ, ಮರ್ಯಾದೆಯಿಂದ ಮಗಳ ಹೆಸರು ಹಿಡಿದು ಕರೆಯುತ್ತಾನೆ.

“ವಾಮುಯು ತಾಯಿ, ಸ್ವಲ್ಪ ಜೋರಾಗಿ ಹೇಳಮ್ಮ. ಮೇಲಿನೋರ್ಗೆ ಕೇಳಲ್ವಂತೆ, ಎಲ್ಲಾ ಇಲ್ಲೇ ಬಂದು ಗುಡ್ಡೆ ಬಿದ್ದಿದಾರೆ.”

“ನನ್ನ ಗಂಟ್ಲು ಇಷ್ಟೇ, ಮೇಸ್ತ್ರಿ. ಎಲ್ರಿಗೂ ಕೇಳ್ಬೇಕಂದ್ರೆ ನಡುಸಾಲಲ್ಲಿ ನಿಂತು ಹೇಳ್ಬೇಕು. ಗೇಟು ತೆಗೀರಿ.”

ಕೊಯ್ಯುವ ಕೈಗಳೆಲ್ಲ ನಿಂತಿವೆ. ಗಚೋಕಾ ಆಫೀಸಿನ ಕಡೆಗೊಮ್ಮೆ ನೋಡಿ, ಏನೋ ಗೊಣಗಿಕೊಂಡು ಹೋಗಿ ಬೀಗ ತೆಗೆಯುತ್ತಾನೆ. “ಇವತ್ತೊಂದು ದಿನ ಮಾತ್ರ, ಗೊತ್ತಾಯ್ತಾ?”

ವಾರಿಗಿಯಾ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕಾಲಿಡುತ್ತಾಳೆ.

“ಇನ್ನೂ ಅರ್ಧ ಪುಸ್ತಕ ಇದೆ, ಮೇಸ್ತ್ರಿ.”