ದಾರಿದೊರೆ ಮರೆತ ಒಂದು ಸಾಲು

ಆಸ್ಪತ್ರೆಯವರು ತಮ್ಮ ಕಂಪ್ಯೂಟರ್ ಕೋಣೆಯ ಯಜಮಾನರಿಗೆ ಇಟ್ಟ ಹೆಸರು ದಾರಿದೊರೆ. ಯಾವ ಸಂದೇಶ ಯಾವ ತಂತಿ ಹಿಡಿದು ಎಲ್ಲಿಗೆ ಹೋಗಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಪ್ರತಿ ರೌಟರ್‌ನಲ್ಲೂ ಕೈಯಾರೆ ಬರೆದಿಟ್ಟವರು ಅವರೇ. ದಾರಿಯನ್ನು ತಾವೇ ಹುಡುಕಿಕೊಳ್ಳುವ ಹೊಸ ರೌಟರ್‌ಗಳನ್ನು ತರಿಸೋಣ ಎಂದು ಆಸ್ಪತ್ರೆಯ ಸಾಹೇಬರು ಅಂದಾಗಲೆಲ್ಲ ದೊರೆಗಳು ಮೂಗು ಮುರಿಯುತ್ತಿದ್ದರು.

"ತಾವಾಗೇ ಕಲಿಯೋವು ತಾವಾಗೇ ಮರೀತಾವೆ ಸಾರ್. ನಾನು ಬರೆದಿದ್ದು ಕಲ್ಲಲ್ಲಿ ಕೆತ್ತಿದ ಹಾಗೆ."

ಒಂದು ಬೆಳಿಗ್ಗೆ ಯಾರೋ ಪುಣ್ಯಾತ್ಮರು ದೊಡ್ಡ ರಸ್ತೆ ಅಗೆದು, ಊರಾಚೆಯ ರಕ್ತಪರೀಕ್ಷೆಯ ಲ್ಯಾಬಿಗೆ ಹೋಗುವ ತಂತಿಯನ್ನು ತುಂಡು ಮಾಡಿದರು. ದೊರೆಗಳು ಜಗ್ಗಲಿಲ್ಲ. ಎರಡನೆಯ ತಂತಿಗೂ ದಾರಿ ಬರೆದಿಟ್ಟಿದ್ದರಲ್ಲ! ಆದರೂ ಒಂದೇ ಒಂದು ವರದಿ ಬರಲಿಲ್ಲ.

"ಹನ್ನೆರಡರೊಳಗೆ ಬರದಿದ್ರೆ ಹೊಸ ರೌಟರ್ ತರಿಸ್ತೀನಿ," ಎಂದರು ಸಾಹೇಬರು. "ನೀವು ಉಗ್ರಾಣಕ್ಕೆ ಹೋಗಿ ದಿಂಬು ಎಣಿಸಿ."

ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವರು ದೊರೆಗಳ ಹೆಂಡತಿಯೇ. ದೊರೆಗಳು ಬೆವರು ಒರೆಸಿಕೊಳ್ಳುತ್ತಾ ಆಕೆಗೆ ಫೋನ್ ಮಾಡಿದರು.

"ನೀವು ಕೇಳಿದ್ದೆಲ್ಲ ನಮಗೆ ಬರ್ತಿದೆ. ನಾವು ಹೇಳೋದೇ ನಿಮಗೆ ಮುಟ್ಟುತ್ತಿಲ್ಲ," ಎಂದರು ಆಕೆ. "ಮನೇಲೂ ಇದೇ ಕಥೆ ತಾನೆ?"

ದೊರೆಗಳಿಗೆ ತಟ್ಟನೆ ಹೊಳೆಯಿತು. ಎರಡನೆಯ ತಂತಿಯಲ್ಲಿ ಹೋಗುವ ದಾರಿ ಬರೆದವರು, ಲ್ಯಾಬಿನ ರೌಟರ್‌ನಲ್ಲಿ ವಾಪಸ್ ಬರುವ ದಾರಿ ಬರೆದಿರಲಿಲ್ಲ. ಅದು ಪಾಪ, ಉತ್ತರಗಳನ್ನೆಲ್ಲ ತುಂಡಾದ ತಂತಿಗೇ ನಿಷ್ಠೆಯಿಂದ ಸುರಿಯುತ್ತಿತ್ತು. ಆ ರೌಟರ್‌ನ ಪಾಸ್‌ವರ್ಡನ್ನು ಹೆಂಡತಿಗೆ ಹೇಳಿದ್ದರೆ ಎರಡು ನಿಮಿಷದ ಕೆಲಸ. ಘನತೆ ಬಿಡಬೇಕಲ್ಲ! ದೊರೆಗಳು ಸ್ಕೂಟರ್ ಏರಿದರು.

ದೊಡ್ಡ ರಸ್ತೆಯ ಗುಂಡಿಯ ಮುಂದೆ ಸ್ಕೂಟರ್ ನಿಂತಿತು. ಲ್ಯಾಬಿಗೆ ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ನಾಚಿಕೆ ನುಂಗಿಕೊಂಡು ಮತ್ತೆ ಫೋನ್ ಮಾಡಿದರು. ಗಡಿಯಾರದ ಅಂಗಡಿ ಹತ್ತಿರ ಎಡಕ್ಕೆ, ನೀಲಿ ಗೇಟು ದಾಟಿ ಬಲಕ್ಕೆ ಎಂದು ಆಕೆ ಸ್ಪೀಕರ್‌ನಲ್ಲಿ ಹೇಳುತ್ತಾ ಹೋದರು. ದೊರೆಗಳು ಸ್ಕೂಟರ್ ತಳ್ಳುತ್ತಾ ಹೋದರು. ಬೀದಿಯವರೆಲ್ಲ ಕೇಳಿಸಿಕೊಂಡರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಲ್ಯಾಬಿನ ರೌಟರ್‌ನಲ್ಲಿ ಆ ಒಂದು ಸಾಲು ಬರೆದಾಯಿತು. ವರದಿಗಳು ಹೋದವು, ಕುರ್ಚಿ ಉಳಿಯಿತು. ದೊರೆಗಳಿಗೆ ಹೋದ ಜೀವ ಬಂದಂತಾಯಿತು.

"ನೋಡಿದ್ಯಾ? ಈ ಜನ್ಮದಲ್ಲಿ ಇನ್ನೊಂದು ಸಲ ಇಂಥ ತಪ್ಪು ಮಾಡಲ್ಲ," ಎಂದು ಮೀಸೆ ತಿರುವಿ ಹೊರಟವರು ಬಾಗಿಲಲ್ಲೇ ನಿಂತರು.

"ಮತ್ತೇನು?" ಎಂದರು ಹೆಂಡತಿ.

"ಏನಿಲ್ಲ. ಬರೋದು ಹೇಗೆ ಅಂತ ನೀನು ಹೇಳ್ದೆ." ದೊರೆಗಳು ಕೆಮ್ಮಿದರು. "ವಾಪಸ್ ಹೋಗೋದು ಹೇಗೆ?"