ಗೋಡೆಯೊಳಗಿನ ಉಡ, ಬಾಗಿಲ ಮುಂದಿನ ಚೆಂಡು ಹೂ

ಕಳೆದ ವಾರ ನನ್ನ ಮೊಣಕಾಲು ನೋವಿಗೆಂದು ಸಂಬಂಧಿಕರೊಬ್ಬರು ಒಂದು ಸೀಸೆ ಎಣ್ಣೆ ತಂದರು. ಮುಚ್ಚಳ ತೆಗೆದರೆ ಹಳಸಿದ ಕೊಬ್ಬಿನ ವಾಸನೆ. ‘ಉಡದ ಎಣ್ಣಿರಿ, ಕದ್ದು ಮಾರತಾರ’ ಅಂದರು. ಮುಚ್ಚಿ ಅವರ ಕೈಗೇ ಕೊಟ್ಟೆ. ಅವರು ಹೋದ ಮೇಲೆ ಬಹಳ ಹೊತ್ತು ಹಿಂದೆ ನಮ್ಮ ಪಕ್ಕದ ಖೋಲಿಯಲ್ಲಿದ್ದ, ಚಿಕ್ಕಮ್ಮ ಅನ್ನುವ ಹಾಗೆ ನಾವೆಲ್ಲ ‘ಕಾಕು’ ಅನ್ನುತ್ತಿದ್ದ ಹೆಂಗಸೇ ಕಣ್ಣ ಮುಂದೆ...

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಇಚಲಕರಂಜಿ ಹತ್ತಿರದ ಕಬನೂರಿಗೆ ಬಂದಿದ್ದೆ. ಕಾಕು ಗಡಹಿಂಗ್ಲಜ ಕಡೆಯ ಕುರಿ ಸಾಕುವವರ ಮಗಳು. ಆಕೆಯ ಗಂಡ, ನಮ್ಮ ಕಾಕಾ, ವಿದ್ಯುತ್ ಮಗ್ಗದ ಕೆಲಸಗಾರರು. ನಿಂತು ನಿಂತು ಅವರ ಸೊಂಟ ಹಿಡಿದುಹೋಗಿತ್ತು. ನಮ್ಮ ಒಂದೊಂದೇ ಕೋಣೆಯ ಖೋಲಿಗಳ ಹಿಂದೆ ಹಳೆಯ ಕಲ್ಲುಗೋಡೆ, ಅದರ ಸಂದಿಯಲ್ಲಿ ಒಂದು ಉಡ. ಸುತ್ತಲಿನ ಉಳಿದ ಉಡಗಳನ್ನೆಲ್ಲ ಜನ ತೊಗಲಿಗೆ, ಎಣ್ಣೆಗೆ ಹಿಡಿದು ಮುಗಿಸಿದ್ದರು.

ಒಂದು ಮುಂಜಾನೆ ಕಾಕುವಿನ ಭಾವ, ತಮ್ಮನ ಸೊಂಟಕ್ಕೆ ಎಣ್ಣೆ ತೆಗೆಯಲೆಂದು, ಅದನ್ನೂ ಹಿಡಿದು, ಚೀಲದಲ್ಲಿ ಕಟ್ಟಿ ತಂದ. ರೊಟ್ಟಿ ತಟ್ಟುತ್ತಿದ್ದ ಕಾಕು ಹಿಟ್ಟಿನ ಕೈಯಲ್ಲೇ ಕುಡುಗೋಲು ಹಿಡಿದು ಹೊರಬಂದಳು. ಆಕೆಯೇ ಉಡವನ್ನು ಕೊಯ್ಯುತ್ತಾಳೆ ಅಂದುಕೊಂಡೆವು. ಆಕೆ ಚೀಲದ ಹಗ್ಗ ಕೊಯ್ದಳು. ಉಡ ನಾಲಗೆ ಚಾಚುತ್ತ, ಬಾಲ ಎಳೆಯುತ್ತ ಗೋಡೆಯೊಳಗೆ ಹೋಯಿತು.

‘ಗಂಡ ನಡಾ ಹಿಡಕೊಂಡು ಬಿದ್ದಾನ, ನಿನಗ ಉಡದ ಚಿಂತಿ?’ ಎಂದು ಕಾಕುವಿನ ಅತ್ತೆ ಆಕೆಯ ಮೇಲೆ ಏರಿಬಂದಳು.

ಕಾಕು ಬಾಗಿಲ ಮುಂದಿನ ಚೆಂಡು ಹೂವಿನ ಗಿಡವನ್ನು ಬೇರುಸಹಿತ ಕಿತ್ತು ಅತ್ತೆಯ ಮುಂದೆ ಒಗೆದಳು. ‘ಇದನ್ನ ಕಿತ್ತೇನಿ. ಬೀಜ ಉದರ್ಯಾವು, ಮಳಿ ಬಂದ್ರ ಮತ್ತ ಹುಟ್ಟತೈತಿ. ಉಡ ಇದೊಂದ ಉಳದೈತಿ. ಅದನ್ನ ಯಾವ ಬೀಜಾ ಹಾಕಿ ಬೆಳಸ್ತೀರಿ, ಹೇಳ್ರಿ.’

ಒಳಗೆ ಮಲಗಿದ್ದ ಕಾಕಾನೇ ಹೇಳಿದರು: ‘ನನ್ನ ನಡಾ ತಿಂದಿದ್ದು ಮಗ್ಗ, ಉಡ ಅಲ್ಲ. ಬಿಡ್ರಿ ಅದನ್ನ.’

ಕಾಕು ಅವರನ್ನು ಬಸ್ಸಿನಲ್ಲಿ ಕೊಲ್ಹಾಪುರದ ಆಸ್ಪತ್ರೆಗೆ ಕರೆದೊಯ್ದಳು. ನೋವು ತಗ್ಗಿತು, ಆದರೆ ಕಾಕಾ ಮತ್ತೆ ಮಗ್ಗದ ಮುಂದೆ ನಿಲ್ಲಲಿಲ್ಲ. ಆಕೆಯೇ ನೂಲು ಸುತ್ತುವ ಕೆಲಸ ಹಿಡಿದು ಮನೆ ನಡೆಸಿದಳು. ಭಾವ ಮಾತು ಬಿಟ್ಟ. ನಲ್ಲಿಯ ಹತ್ತಿರ ಹೆಂಗಸರು ಆಕೆಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಕಾಕು ಕೊಡ ತುಂಬುವ ತನಕ ಅಲ್ಲೇ ನಿಂತು, ತಲೆಯೆತ್ತಿಕೊಂಡೇ ಬರುತ್ತಿದ್ದಳು. ಕೆಲ ವರ್ಷಗಳ ನಂತರ ಇಬ್ಬರೂ ಆಕೆಯ ತವರಿನ ಕಡೆ ಹೋದರು, ಕುರಿ ಸಾಕಿದರು...

ಕಾಕು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಈಗ ಆ ಗೋಡೆಯ ಜಾಗದಲ್ಲಿ ಮಹಡಿ ಮನೆ ಎದ್ದಿದೆ. ಉಡ ಕಂಡೆವೆನ್ನುವವರು ಓಣಿಯಲ್ಲಿ ಯಾರೂ ಇಲ್ಲ. ಆಕೆ ಉಡ ಬಿಟ್ಟು ಗಂಡನ ಬಾಳು ಕೆಡಿಸಿದಳು ಎನ್ನುವವರು ಮಾತ್ರ ಇನ್ನೂ ಇದ್ದಾರೆ. ಹಾಗೆ ಅಂದಾಗಲೆಲ್ಲ ನಾನು ಜಗಳಕ್ಕೇ ನಿಲ್ಲುತ್ತೇನೆ. ಆ ಜಗಳವನ್ನು ನನಗಿಂತ ಚೆನ್ನಾಗಿ ಆಡಬಲ್ಲವಳು ಈಗ ಇಲ್ಲವಲ್ಲ, ಅದೊಂದೇ ನೋವು.